ದಮ್ಮು ಧೂಳಿನದೋ, ಹೃದಯದ್ದೋ?

ನಮ್ಮ ವಡ್ಡು, ತೋರಣಗಲ್ಲು, ಸಂಡೂರಿನ ಕಡೆ ಯಾರಿಗಾದರೂ ಉಸಿರು ಕಟ್ಟಿದರೆ ಮೊದಲು ಬರುವ ಮಾತು ‘ಅದಿರಿನ ಧೂಳು’. ಧೂಳಿನಿಂದ ಶ್ವಾಸಕೋಶ ಕೆಡುವುದು ನಿಜ. ಆದರೆ ಎಲ್ಲ ದಮ್ಮೂ ಧೂಳಿನದಲ್ಲ. ಹೃದಯ ಸೋತಾಗ ಶ್ವಾಸಕೋಶದೊಳಗೆ ನೀರು ತುಂಬಿಯೂ ಉಸಿರು ಕಟ್ಟುತ್ತದೆ. ಇವೆರಡನ್ನು ಬೇರ್ಪಡಿಸಿ ಅರಿಯಲು ಮನುಷ್ಯನಿಗೆ ಶತಮಾನಗಳೇ ಬೇಕಾದವು.

ಚರಕ ಸಂಹಿತೆಯಲ್ಲಿ ತಮಕ ಶ್ವಾಸದ ವರ್ಣನೆಯಿದೆ. ಮಲಗಿದರೆ ಸಂಕಟ, ಎದ್ದು ಕುಳಿತರೆ ನೆಮ್ಮದಿ ಎಂಬ ಲಕ್ಷಣವನ್ನು ಪ್ರಾಚೀನರು ಆಗಲೇ ಗುರುತಿಸಿದ್ದರು. ಇಂದಿನವರು ಅದನ್ನು ಆಸ್ತಮಾಕ್ಕೆ ಹೋಲಿಸುತ್ತಾರೆ. ಆದರೆ ಸೋತ ಹೃದಯದ ರೋಗಿಯಲ್ಲಿಯೂ ಇದೇ ಲಕ್ಷಣ ಕಾಣುತ್ತದೆ. ಹೊರನೋಟಕ್ಕೆ ಎರಡೂ ಒಂದೇ.

ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್, ಮೈಯಲ್ಲಿ ನೀರು ತುಂಬಿ ಬಾವು ಬಂದವರಿಗೆ ಫಾಕ್ಸ್‌ಗ್ಲವ್ ಗಿಡದ ಎಲೆ ಕೊಟ್ಟು, ತನ್ನ ಅನುಭವವನ್ನು 1785ರಲ್ಲಿ ಪ್ರಕಟಿಸಿದ. ಆ ಮದ್ದಿನ ಸುಳಿವು ಅವನಿಗೆ ದೊರೆತದ್ದು ಹಳ್ಳಿಯ ಮುದುಕಿಯೊಬ್ಬಳ ಮನೆಮದ್ದಿನಿಂದ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಯ ಸದ್ದು ಕೇಳಿದ; ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ನೀರು ತುಂಬಿದ ಶ್ವಾಸಕೋಶದ ಚಿಟಿಚಿಟಿ ಸದ್ದನ್ನು ಅವನು 1819ರ ತನ್ನ ಗ್ರಂಥದಲ್ಲಿ ವಿವರಿಸಿದ.

ಆದರೆ ನೀರು ಅಲ್ಲಿಗೆ ಬರುವುದು ಹೇಗೆ? ಈ ಪ್ರಶ್ನೆಗೆ ದಾರಿ ತೋರಿದವನು 1896ರಲ್ಲಿ ಅರ್ನೆಸ್ಟ್ ಸ್ಟಾರ್ಲಿಂಗ್. ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಒತ್ತಡವು ನೀರನ್ನು ಹೊರಕ್ಕೆ ತಳ್ಳುತ್ತದೆ, ರಕ್ತದ ಪ್ರೋಟೀನು ಒಳಕ್ಕೆ ಎಳೆಯುತ್ತದೆ. ಆರೋಗ್ಯವಿರುವುದು ಈ ಸಮತೋಲನದಲ್ಲಿ. ತುಂಗಭದ್ರಾ ಕಾಲುವೆಯನ್ನು ಬಲ್ಲ ನಮಗೆ ಇದು ಕಠಿಣವಲ್ಲ. ಮುಂದಿನ ತೂಬು ಕಟ್ಟಿಕೊಂಡರೆ ಹಿಂದೆ ನೀರು ಏರಿ, ಏರಿಯಿಂದ ಜಿನುಗಿ ಪಕ್ಕದ ಹೊಲ ಜವುಗಾಗುತ್ತದೆ. ಹಾಗೆಯೇ ಹೃದಯದ ಎಡಭಾಗ ಸೋತರೆ, ಶ್ವಾಸಕೋಶದಿಂದ ಬರುವ ರಕ್ತ ಹಿಂದೆಯೇ ನಿಲ್ಲುತ್ತದೆ. ಒತ್ತಡ ಏರಿ ನೀರು ಗಾಳಿಚೀಲಗಳಿಗೆ ಜಿನುಗುತ್ತದೆ. ಮಲಗಿದಾಗ ಕಾಲುಗಳ ರಕ್ತವೂ ಎದೆಗೆ ಮರಳುವುದರಿಂದ ನಡುರಾತ್ರಿ ರೋಗಿ ದಿಗ್ಗನೆ ಎದ್ದು ಕೂರುತ್ತಾನೆ. ‘ಎದೆಯಲ್ಲಿ ನೀರು’ ಎಂದು ಸೂಜಿಯಿಂದ ತೆಗೆಸುವ ನೀರು ಬೇರೆ. ಅದು ಶ್ವಾಸಕೋಶದ ಹೊರಗಿನದು. ಒಳಗಿನ ಈ ನೀರನ್ನು ಮೂತ್ರದ ಮೂಲಕ ಹೊರಹಾಕಿಸುವ ಫ್ಯೂರೋಸಮೈಡ್ ಔಷಧಿ 1960ರ ದಶಕದಲ್ಲಿ ಬಳಕೆಗೆ ಬಂದಿತು.

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1961ರಲ್ಲಿ. ಆದ್ದರಿಂದ ಈ ಜ್ಞಾನ ನಮ್ಮ ಜಿಲ್ಲೆಗೆ ದೂರದ್ದೇನಲ್ಲ. ದೂರವಿರುವುದು ನಮ್ಮ ಅನುಮಾನವಷ್ಟೆ. ಎಲ್ಲಕ್ಕೂ ಧೂಳನ್ನೇ ದೂರಿ ಕೆಮ್ಮಿನ ಔಷಧಿ ಕುಡಿಯುತ್ತಾ ಕುಳಿತರೆ, ಗುಣಪಡಿಸಬಹುದಾದ ಹೊತ್ತು ಕೈತಪ್ಪುತ್ತದೆ. ಎರಡು ಮೂರು ದಿಂಬು ಇಟ್ಟರೂ ನಿದ್ರೆ ಬಾರದು, ಪಾದ ಬಾತಿದೆ, ದಿನೇ ದಿನೇ ತೂಕ ಏರುತ್ತಿದೆ ಎಂದಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ ಹೃದಯವನ್ನೂ ಪರೀಕ್ಷಿಸಿರೆಂದು ಕೇಳಬೇಕು. ಏಕಾಏಕಿ ಉಸಿರು ಕಟ್ಟಿ ನೊರೆ ಕಫ ಬಂದರಂತೂ ಬೆಳಗಾಗಲೆಂದು ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆ ಸೇರಬೇಕು.