ನಿಧಾನವೋ, ನಿಂತೇಹೋಯಿತೋ? ಕ್ರೈಸ್ತ ಸಾಂತ್ವನ ಸಾಹಿತ್ಯ ನಡೆದುಬಂದ ದಾರಿ

ಪ್ರಾರ್ಥನೆಗೆ ಮೊಣಕಾಲೂರಿ ಐದು ನಿಮಿಷವಾಗುವಷ್ಟರಲ್ಲಿ ಮನಸ್ಸು ಮನೆ ಬಾಡಿಗೆಯ ಲೆಕ್ಕಕ್ಕೆ ಓಡುತ್ತದೆ. ವರ್ಷಗಟ್ಟಲೆ ಬೈಬಲ್ ಓದಿದರೂ ಅದೇ ಸಿಟ್ಟು, ಅದೇ ಹೊಟ್ಟೆಕಿಚ್ಚು. ಮೊನ್ನೆ ಮೊನ್ನೆ ವಿಶ್ವಾಸಕ್ಕೆ ಬಂದವರು ಸಾಕ್ಷಿ ಹೇಳುವಾಗ ಕಣ್ಣೀರು ಸುರಿಸುತ್ತಾರೆ, ನನಗೆ ಒಂದು ಹನಿಯೂ ಬರುವುದಿಲ್ಲ. ಸಭಾಪಾಲಕರು, ಪಾಪನಿವೇದನೆ ಕೇಳುವ ಗುರುಗಳು ಈ ಕೊರಗನ್ನು ಕೇಳುತ್ತಲೇ ಇರುತ್ತಾರೆ. ಇದಕ್ಕೆ ಉತ್ತರ ಹುಡುಕುತ್ತ ಕ್ರೈಸ್ತರು ಕಟ್ಟಿಕೊಂಡ ಸಾಹಿತ್ಯ ದೊಡ್ಡದು, ಹಳೆಯದು. ಅದರಲ್ಲಿ ಎರಡು ದನಿಗಳು ಕೇಳುತ್ತವೆ. ನಿನ್ನಲ್ಲೇನೋ ತಪ್ಪಿದೆ, ಎಚ್ಚೆತ್ತುಕೋ ಎನ್ನುವುದು ಒಂದು. ತಪ್ಪೇನೂ ಆಗಿಲ್ಲ, ಹೆದರದೆ ನಡೆ ಎನ್ನುವುದು ಇನ್ನೊಂದು. ಯಾವ ಮಾತನ್ನು ಯಾರಿಗೆ ಹೇಳಬೇಕೆಂದು ತಿಳಿದವರೇ ಈ ಕ್ಷೇತ್ರವನ್ನು ಬೆಳೆಸಿದರು. ಒಂದೇ ಮಾತನ್ನು ಎಲ್ಲರಿಗೂ ಹೇಳಿದವರಿಂದ ನೊಂದ ಮನಸ್ಸುಗಳು ಮತ್ತಷ್ಟು ನೊಂದವು.

ಹೊಸ ಒಡಂಬಡಿಕೆಯಲ್ಲೇ ಈ ಎರಡೂ ದನಿಗಳಿವೆ. ಇಬ್ರಿಯರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ ಓದುಗರನ್ನು ನೇರವಾಗಿ ಗದರಿಸುತ್ತದೆ. ಇಷ್ಟು ಹೊತ್ತಿಗೆ ಬೇರೆಯವರಿಗೆ ಬೋಧಿಸಬೇಕಾದವರು ಇನ್ನೂ ಹಾಲಿನ ಹಂತದಲ್ಲೇ ಉಳಿದಿದ್ದಾರೆಂಬುದು ಅದರ ಬೇಸರ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಬೇರೆ ಮೂರು ಸುವಾರ್ತೆಗಳಲ್ಲಿ ಇಲ್ಲದ ಪುಟ್ಟ ಸಾಮ್ಯವೊಂದಿದೆ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಪೈರು ತಾನಾಗಿ ಮೇಲೇಳುತ್ತದೆ, ಹೇಗೆಂಬುದು ಅವನಿಗೇ ತಿಳಿಯದು. ಮೊದಲು ಗರಿ ಬರುತ್ತದೆ, ಆಮೇಲೆ ತೆನೆ, ಕೊನೆಗೆ ಕಾಳು. ಮುಂದೆ ಬಂದ ಬಹುಪಾಲು ಬರಹಗಾರರು ಈ ಎರಡು ಅಧ್ಯಾಯಗಳ ನಡುವೆ ಎಲ್ಲೋ ಒಂದು ಕಡೆ ನಿಂತವರೇ.

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ಸನ್ಯಾಸಿಗಳು ಈ ಬೇಸರವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿ ಬರೆದರು. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಅದಕ್ಕೆ ಮಧ್ಯಾಹ್ನದ ಪಿಶಾಚಿಯೆಂದು ಹೆಸರಿಟ್ಟರು. ಅವರು ಬರೆದ ಸನ್ಯಾಸಿಗೆ ಸೂರ್ಯ ಆಕಾಶದಲ್ಲಿ ಕದಲದೆ ನಿಂತಂತೆ ಕಾಣುತ್ತದೆ. ಊಟದ ಹೊತ್ತು ಬಂತೇ ಎಂದು ಮತ್ತೆ ಮತ್ತೆ ಗುಡಿಸಲಿನಿಂದ ಇಣುಕುತ್ತಾನೆ. ಜೊತೆಯವರಿಗೆ ತನ್ನ ಮೇಲೆ ಪ್ರೀತಿಯಿಲ್ಲ, ಈ ಜಾಗವೇ ಸರಿಯಿಲ್ಲ, ಬೇರೆಲ್ಲಾದರೂ ಹೋದರೆ ಬೇಗ ಬೆಳೆಯಬಹುದು ಎಂದು ಅವನಿಗೆ ಅನ್ನಿಸತೊಡಗುತ್ತದೆ. ಚರ್ಚಿನಿಂದ ಚರ್ಚಿಗೆ, ಕೂಟದಿಂದ ಕೂಟಕ್ಕೆ ಅಲೆಯುವ ಇಂದಿನ ವಿಶ್ವಾಸಿಯ ಮನಸ್ಸನ್ನೂ ಇದಕ್ಕಿಂತ ಚೆನ್ನಾಗಿ ಬಣ್ಣಿಸುವುದು ಕಷ್ಟ.

ಎವಾಗ್ರಿಯಸ್ ಅವರ ತಿಳಿವನ್ನು ಫ್ರಾನ್ಸಿನ ಮಾರ್ಸೇಗೆ ಕೊಂಡೊಯ್ದ ಜಾನ್ ಕ್ಯಾಸಿಯನ್ ಪೌಲ ಎಂಬ ಹಿರಿಯ ಸನ್ಯಾಸಿಯೊಬ್ಬರ ಕಥೆ ಹೇಳುತ್ತಾರೆ. ಆ ಸನ್ಯಾಸಿಯ ವಾಸ ಪಟ್ಟಣದಿಂದ ಏಳು ದಿನದ ದಾರಿಯಾಚೆ. ಖರ್ಜೂರದ ಮರ, ಕೈತೋಟ ಇದ್ದುದರಿಂದ ಹೊಟ್ಟೆಪಾಡಿಗೆ ದುಡಿಯಬೇಕಾದ ಅಗತ್ಯವಿರಲಿಲ್ಲ. ಆದರೂ ದಿನವೂ ಗರಿಗಳನ್ನು ತಂದು ತಪ್ಪದೆ ಕೆಲಸ ಮಾಡುತ್ತಿದ್ದರು. ಮಾರಲು ಸಂತೆಯಿಲ್ಲ, ಸಾಗಿಸುವ ಖರ್ಚೇ ಗಳಿಕೆಗಿಂತ ಹೆಚ್ಚು. ವರ್ಷದ ಕೊನೆಗೆ ಗುಹೆ ತುಂಬಿದಾಗ ಎಲ್ಲವನ್ನೂ ಸುಟ್ಟುಬಿಡುತ್ತಿದ್ದರು, ಮರುದಿನ ಮತ್ತೆ ಶುರು. ಈ ಕಥೆ ಕ್ರೂರವೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಇದು ಈ ಸಾಹಿತ್ಯದಲ್ಲೇ ದೊಡ್ಡ ಬಿಡುಗಡೆಯ ಕಥೆ. ದುಡಿಮೆಯ ಫಲ ಕಣ್ಣಿಗೆ ಕಾಣದಿದ್ದರೂ ದುಡಿದ ಮನುಷ್ಯ ಒಳಗೆ ಗಟ್ಟಿಯಾಗುತ್ತಾನೆಂಬ ನಂಬಿಕೆ ಅದರಲ್ಲಿದೆ.

ಅದೇ ಕಾಲದ ನಿಸ್ಸಾದ ಗ್ರೆಗೊರಿ, ಮೋಶೆಯ ಜೀವನದ ಬಗ್ಗೆ ಬರೆದ ಗ್ರಂಥದಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ದೇವರು ಅನಂತನಾದರೆ ಅವನ ಕಡೆಗಿನ ನಡಿಗೆಗೆ ಕೊನೆಯಿಲ್ಲ. ಬೆಳೆಯುತ್ತಲೇ ಇರುವುದೇ ಪರಿಪೂರ್ಣತೆ. ಇನ್ನೂ ತಲುಪಿಲ್ಲ ಎಂಬ ಅರಿವು ಹೀಗೆ ಸೋಲಿನ ಗುರುತಾಗಿ ಉಳಿಯಲಿಲ್ಲ. ಆದರೆ ಜನರ ಕಣ್ಣಿಗೆ ಕಟ್ಟಿದ್ದು ಬೇರೆ ಚಿತ್ರ. ಏಳನೆಯ ಶತಮಾನದಲ್ಲಿ ಸೀನಾಯಿಯ ಮಠಾಧಿಪತಿ ಜಾನ್ ಕ್ಲೈಮ್ಯಾಕಸ್ 30 ಮೆಟ್ಟಿಲುಗಳ ಏಣಿಯೊಂದನ್ನು ಬರೆದರು. ಅಲ್ಲಿನ ಸಂತ ಕ್ಯಾಥರಿನ್ ಮಠದಲ್ಲಿರುವ 12ನೆಯ ಶತಮಾನದ ಪಟದಲ್ಲಿ ಸನ್ಯಾಸಿಗಳು ಆ ಏಣಿ ಹತ್ತುತ್ತಿದ್ದಾರೆ, ಕಪ್ಪು ಪಿಶಾಚಿಗಳು ಕೆಲವರನ್ನು ಕೆಳಗೆಳೆಯುತ್ತಿವೆ. ಪುಸ್ತಕದೊಳಗೆ ಕರುಣೆ ಬೇಕಾದಷ್ಟಿದೆ. ಆದರೂ ಏಣಿಯ ಚಿತ್ರ ಒಮ್ಮೆ ಮನಸ್ಸಿಗೆ ಹೊಕ್ಕರೆ ನಾನು ಎಷ್ಟನೆಯ ಮೆಟ್ಟಿಲಲ್ಲಿದ್ದೇನೆ ಎಂಬ ಲೆಕ್ಕ ಬಿಡುವುದಿಲ್ಲ. ಮಧ್ಯಯುಗದ ಎಷ್ಟೋ ಭಕ್ತರನ್ನು ಈ ಲೆಕ್ಕವೇ ಸುಸ್ತು ಮಾಡಿತೆಂದು ನನ್ನ ಅಭಿಪ್ರಾಯ.

ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಈ ಕ್ಷೇತ್ರ ಪಕ್ವವಾಯಿತು. ಇಗ್ನೇಷಿಯಸ್ ಲೊಯೋಲಾ ಸೈನಿಕರಾಗಿದ್ದವರು, 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಕಾಲು ಮುರಿದುಕೊಂಡವರು. 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಕೈಪಿಡಿಯಲ್ಲಿ ಮನಸ್ಸು ಬತ್ತಿದಾಗ ಪಾಲಿಸಬೇಕಾದ ನಿಯಮಗಳಿವೆ. ಆ ಹೊತ್ತಿನಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅವರು ಕೊಡುವ ಮೂರು ಕಾರಣಗಳು. ನಮ್ಮ ಸೋಮಾರಿತನದಿಂದ ಮನಸ್ಸು ಬತ್ತಿರಬಹುದು. ಬಹುಮಾನವಿಲ್ಲದಿದ್ದರೂ ಸೇವೆ ಮಾಡುತ್ತೇವೆಯೇ ಎಂಬ ಪರೀಕ್ಷೆ ಇರಬಹುದು. ಭಕ್ತಿ ನಮ್ಮ ಸಂಪಾದನೆಯಲ್ಲ, ಕೃಪೆ ಎಂದು ಕಲಿಸಲೂ ಇರಬಹುದು. ಮೂರರಲ್ಲಿ ಒಂದು ಮಾತ್ರ ನಮ್ಮ ತಪ್ಪು. ತಪ್ಪು ಮಾಡಿದವರಿಗೂ ಮಾಡದವರಿಗೂ ಬೇರೆ ಬೇರೆ ಮಾತು ಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದು ದೊಡ್ಡ ಹೆಜ್ಜೆ.

ಆವಿಲಾದ ತೆರೆಸಾ 1535ರಲ್ಲಿ ಕಾರ್ಮೆಲ್ ಮಠ ಸೇರಿದರು. ಮುಂದಿನ ಸುಮಾರು ಎರಡು ದಶಕ ಪ್ರಾರ್ಥನೆ ಅವರಿಗೆ ಹೋರಾಟವೇ ಆಗಿತ್ತು. ಪ್ರಾರ್ಥನೆಯ ಹೊತ್ತು ಮುಗಿದೀತೇ ಎಂದು ಗಡಿಯಾರದ ಗಂಟೆಗೆ ಕಿವಿಗೊಟ್ಟು ಕೂತದ್ದನ್ನು ಆತ್ಮಚರಿತ್ರೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗಳಿವೆ: ಬಾವಿಯಿಂದ ಸೇದುವುದು, ರಾಟೆಯಿಂದ ಎತ್ತುವುದು, ಹೊಳೆಯಿಂದ ಹಾಯಿಸುವುದು, ಮಳೆ ಬರುವುದು. ಸೇದುವವರು ಕೆಲವೊಮ್ಮೆ ಬಾವಿಯೇ ಬತ್ತಿರುವುದನ್ನು ಕಾಣುತ್ತಾರೆ. ಆಗಲೂ ಕೊಡ ಇಳಿಸಿ ಎತ್ತುವ ಕೆಲಸ ಬಿಡಬಾರದು, ತೋಟ ದೇವರದು, ಹೂಗಳನ್ನು ನೀರಿಲ್ಲದೆಯೂ ಉಳಿಸಬಲ್ಲ ಎಂಬುದು ತೆರೆಸಾರ ನಂಬಿಕೆ.

ಅವರ ಜೊತೆಗಾರರಾದ ಶಿಲುಬೆಯ ಜಾನ್ ಅವರನ್ನು 1577ರ ಡಿಸೆಂಬರಿನಲ್ಲಿ ಅವರ ಸಭೆಯವರೇ ಟೊಲೆಡೊದಲ್ಲಿ ಕೂಡಿಹಾಕಿದರು. ಮುಂದಿನ ಆಗಸ್ಟಿನಲ್ಲಿ ತಪ್ಪಿಸಿಕೊಂಡ ಮೇಲೆ ಅವರು ಬರೆದ ‘ಕತ್ತಲ ರಾತ್ರಿ’ಯ ಮೊದಲ ಭಾಗದಲ್ಲಿ, ಒಳಗಿನ ಬರ ದೇವರಿಂದ ಬಂದದ್ದೋ ನಮ್ಮ ಉದಾಸೀನದಿಂದ ಬಂದದ್ದೋ ಎಂದು ತಿಳಿಯಲು ಮೂರು ಗುರುತುಗಳಿವೆ. ದೇವರ ವಿಷಯದಲ್ಲಿ ರುಚಿ ಹೋಗಿರುತ್ತದೆ, ಆದರೆ ಲೋಕದ ಬೇರಾವುದರಲ್ಲೂ ರುಚಿ ಸಿಗುವುದಿಲ್ಲ. ತಾನು ಹಿಂದಕ್ಕೆ ಜಾರುತ್ತಿದ್ದೇನೆಂಬ ಕಳವಳ ಬಿಡುವುದಿಲ್ಲ. ಮೊದಲಿನಂತೆ ಕಲ್ಪಿಸಿಕೊಂಡು ಧ್ಯಾನ ಮಾಡಲು ಎಷ್ಟು ಯತ್ನಿಸಿದರೂ ಆಗುವುದಿಲ್ಲ. ಉದಾಸೀನನಿಗೆ ಕಳವಳವಿರುವುದಿಲ್ಲ, ಆದ್ದರಿಂದ ಈ ಕಳವಳವೇ ಪ್ರೀತಿ ಬದುಕಿದೆಯೆಂಬುದಕ್ಕೆ ಸಾಕ್ಷಿ. ದೇಹಸ್ಥಿತಿಯ ಖಿನ್ನತೆಯೂ ಇದರೊಡನೆ ಬೆರೆತಿರಬಹುದೆಂದು ಅವರು ಅಂದೇ ಗಮನಿಸಿದ್ದರು.

ಈ ಪರಂಪರೆ ನಮ್ಮ ಕರಾವಳಿಗೂ ಬಂತು. 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಮಂಗಳೂರಿಗೆ ಬಂದ ಕಾರ್ಮೆಲ್ ಕನ್ಯಾಸ್ತ್ರೀಯರು ಭಾರತದ ಮೊದಲ ಕಾರ್ಮೆಲ್ ಕನ್ಯಾಮಠವನ್ನು ಸ್ಥಾಪಿಸಿದರು. ಅವರಲ್ಲಿ ಗಲಿಲಾಯದ ಮರಿಯಮ್ ಬವಾರ್ದಿ ಒಬ್ಬರು. 1871ರಲ್ಲಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದರು. ಅವರ ಅನುಭವಗಳ ಬಗ್ಗೆ ಸಂಶಯ ಹುಟ್ಟಿ ಮರುವರ್ಷ ಪೋ ಮಠಕ್ಕೆ ವಾಪಸು ಕಳುಹಿಸಲಾಯಿತು. 2015ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಪ್ರೊಟೆಸ್ಟಂಟರಲ್ಲಿ ಪ್ರಶ್ನೆ ಬೇರೆ ರೂಪ ತಾಳಿತು. ಬೆಳವಣಿಗೆ ಕಾಣದಿದ್ದರೆ ನನಗೆ ನಿಜವಾಗಿ ರಕ್ಷಣೆಯಾಗಿದೆಯೇ ಎಂಬ ಭಯ ಅವರನ್ನು ಕಾಡಿತು. ಇಂಗ್ಲೆಂಡಿನ ವಿಲಿಯಂ ಪರ್ಕಿನ್ಸ್ 1597ರಲ್ಲಿ ಸಾಸಿವೆ ಕಾಳಿನ ಹೆಸರಿಟ್ಟು ಬರೆದ ಪುಸ್ತಕದಲ್ಲಿ, ರಕ್ಷಣೆಗೆ ಸಾಲುವ ಅತಿ ಚಿಕ್ಕ ಕೃಪೆ ಎಷ್ಟು ಎಂದು ವಿಚಾರಿಸಿದರು. ಬದಲಾಗಬೇಕೆಂಬ ಪ್ರಾಮಾಣಿಕ ಬಯಕೆಯೂ ಆ ಕೃಪೆಯ ಮೊಳಕೆಯೆಂದರು. ರಿಚರ್ಡ್ ಸಿಬ್ಸ್ 1630ರ ‘ಜಜ್ಜಿದ ದಂಟು’ ಕೃತಿಯಲ್ಲಿ, ಯೆಶಾಯನ 42ನೆಯ ಅಧ್ಯಾಯವನ್ನು ಹಿಡಿದು, ಹೊಗೆಯಾಡುವ ಬತ್ತಿಯನ್ನೂ ಕ್ರಿಸ್ತನು ನಂದಿಸುವುದಿಲ್ಲವೆಂದು ಪುಟಪುಟದಲ್ಲೂ ಧೈರ್ಯ ಹೇಳಿದರು.

ಇದನ್ನೆಲ್ಲ ಕಥೆಯಾಗಿಸಿದವರು ಜಾನ್ ಬನಿಯನ್, ಬೆಡ್‌ಫರ್ಡಿನ ಪಾತ್ರೆ ರಿಪೇರಿಯ ಕಸುಬಿನವರು. ಅನುಮತಿಯಿಲ್ಲದೆ ಬೋಧಿಸಿದ್ದಕ್ಕಾಗಿ 1660ರಿಂದ 1672ರವರೆಗೆ ಸೆರೆಯಲ್ಲಿದ್ದರು. 1678ರಲ್ಲಿ ಬಂದ ಅವರ ಯಾತ್ರಿಕನ ಕಥೆಯ ಮೊದಲ ಭಾಗದಲ್ಲಿ ನಿರಾಶೆಯ ಕೆಸರುಗುಂಡಿ ಎಲ್ಲರಿಗೂ ನೆನಪಿರುತ್ತದೆ. 1684ರ ಎರಡನೆಯ ಭಾಗವನ್ನು ಓದುವವರು ಕಡಿಮೆ, ಆದರೆ ನಿಧಾನವಾಗಿ ನಡೆಯುವವರ ಪುಸ್ತಕ ಅದೇ. ಅಲ್ಲಿ ಊರುಗೋಲು ಹಿಡಿದ ಕುಂಟನಿದ್ದಾನೆ, ಬಲಹೀನ ಮನಸ್ಸಿನವನಿದ್ದಾನೆ, ನಿರಾಶೆಯವನೂ ಅವನ ಅಂಜುಬುರುಕಿ ಮಗಳೂ ಇದ್ದಾರೆ. ದಾರಿ ತೋರಿಸುವ ವೀರ ಇವರಿಗಾಗಿ ತನ್ನ ನಡಿಗೆಯನ್ನು ನಿಧಾನ ಮಾಡಿಕೊಳ್ಳುತ್ತಾನೆ. ಸಂಶಯದ ಕೋಟೆಯನ್ನು ಕೆಡವಿದ ದಿನ ಆ ಕುಂಟ ಒಂದು ಕೈಯಲ್ಲಿ ಊರುಗೋಲು ಹಿಡಿದೇ ಅಂಜುಬುರುಕಿಯ ಜೊತೆ ಕುಣಿಯುತ್ತಾನೆ. ಇವರೆಲ್ಲರೂ ಕೊನೆಗೆ ಸಾವಿನ ನದಿ ದಾಟುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಶ್ರಮದಿಂದ ಬನಿಯನ್ನರ ಯಾತ್ರಿಕ 19ನೆಯ ಶತಮಾನದ ಮಧ್ಯಭಾಗದಲ್ಲೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂದ.

ಹದಿನೆಂಟನೆಯ ಶತಮಾನದ ಜಾನ್ ನ್ಯೂಟನ್ ಮಾರ್ಕನ ಸಾಮ್ಯಕ್ಕೆ ಮರಳಿದರು. ಓಲ್ನಿ ಊರಿನ ಪಾದ್ರಿಯಾಗಿದ್ದಾಗ ಬರೆದು 1774ರಲ್ಲಿ ಪುಸ್ತಕವಾಗಿ ಬಂದ ಪತ್ರಗಳಲ್ಲಿ ಮೂರು, ಗರಿ, ತೆನೆ, ಕಾಳುಗಳ ಕುರಿತವು. ಹೊಸ ವಿಶ್ವಾಸಿಗೆ ಉತ್ಸಾಹ ಹೆಚ್ಚು, ಸ್ಥಿರತೆ ಕಡಿಮೆ. ನಡುವಿನ ಹಂತದವನು ಹೋರಾಟದಲ್ಲಿ ತನ್ನ ಮನಸ್ಸಿನ ಕೊಳಕನ್ನು ಕಾಣುತ್ತಾನೆ. ಮಾಗಿದವನು ತನ್ನನ್ನು ಮೊದಲಿಗಿಂತ ಒಳ್ಳೆಯವನೆಂದು ತಿಳಿಯುವುದಿಲ್ಲ. ಅವನಲ್ಲಿ ಕಾಣುವುದು ದೀನತೆ ಮತ್ತು ತಪ್ಪಿದವರ ಮೇಲಿನ ಮೃದುತ್ವ. ಬೆಳೆದಷ್ಟೂ ಬೆಳೆದಿಲ್ಲವೆಂಬ ಭಾವನೆ ಹೆಚ್ಚಬಹುದು ಎಂಬ ಈ ಮಾತು ಲಕ್ಷಾಂತರ ಜನರ ಎದೆ ಹಗುರ ಮಾಡಬಲ್ಲದು.

ಆದರೆ ನ್ಯೂಟನ್ನರ ಬದುಕಿನ ಇನ್ನೊಂದು ಪುಟವನ್ನು ಬಿಟ್ಟು ಈ ಸಾಂತ್ವನವನ್ನು ಹಂಚುವುದು ಸರಿಯಲ್ಲ. 1748ರ ಬಿರುಗಾಳಿಯಲ್ಲಿ ದೇವರ ಕಡೆ ತಿರುಗಿದ ಮೇಲೆಯೇ ಅವರು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರಾದರು. 1754ರಲ್ಲಿ ಸಮುದ್ರಯಾನ ಬಿಟ್ಟದ್ದು ಅನಾರೋಗ್ಯದಿಂದ. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದದ್ದು 1788ರಲ್ಲಿ. ಅವರ ನಿಧಾನಕ್ಕೆ ಬೆಲೆ ತೆತ್ತವರು ಹಡಗಿನ ತಳದಲ್ಲಿ ಸರಪಳಿ ತೊಟ್ಟಿದ್ದವರು. ಪ್ರಾರ್ಥನೆಯಲ್ಲಿ ಮನಸ್ಸು ಅಲೆಯುವವನಿಗೆ ತಾಳ್ಮೆಯ ಮಾತು ಹೇಳೋಣ. ಮನೆಯಲ್ಲಿ ಕೈಯೆತ್ತುವವನಿಗೆ, ಕೂಲಿಯವರ ಹಣ ತಿನ್ನುವವನಿಗೆ, ಪಂಕ್ತಿಯಲ್ಲಿ ಜಾತಿ ನೋಡುವವನಿಗೆ ಬೆಳವಣಿಗೆ ನಿಧಾನವಪ್ಪಾ ಎನ್ನಲಾಗದು. ಅಲ್ಲಿ ಇಬ್ರಿಯರ ಪತ್ರಿಕೆಯ ಗದರಿಕೆಯೇ ಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ತಾಳ್ಮೆ ಸ್ವಲ್ಪ ಕಳೆದುಹೋಯಿತು. 1875ರಲ್ಲಿ ಶುರುವಾದ ಇಂಗ್ಲೆಂಡಿನ ಕೆಸ್ವಿಕ್ ಕೂಟಗಳು ಪೂರ್ಣ ಸಮರ್ಪಣೆಯಿಂದ ಜಯದ ಜೀವನಕ್ಕೆ ಕಾಲಿಡಬಹುದೆಂದು ಬೋಧಿಸಿದವು. ಇದಕ್ಕೆದುರಾಗಿ ಅದೇ ನಾಡಿನ ಪಾದ್ರಿ ಜೆ. ಸಿ. ರೈಲ್ 1877ರ ‘ಪವಿತ್ರತೆ’ ಪುಸ್ತಕದಲ್ಲಿ ಹೋರಾಟ ಕೊನೆಯವರೆಗೂ ಇರುತ್ತದೆಂದು ವಾದಿಸಿದರು. ನಮ್ಮ ಉಜ್ಜೀವನ ಕೂಟಗಳಲ್ಲಿ ಈಗಲೂ ಕೇಳುವುದು ಹೆಚ್ಚಾಗಿ ಆ ಜಯದ ಭಾಷೆಯೇ. ಲಂಡನ್ನಿನ ವೈದ್ಯವೃತ್ತಿ ಬಿಟ್ಟು ಬೋಧಕರಾದ ಮಾರ್ಟಿನ್ ಲಾಯ್ಡ್-ಜೋನ್ಸ್ 1965ರಲ್ಲಿ ಆಧ್ಯಾತ್ಮಿಕ ಖಿನ್ನತೆಯ ಕುರಿತ ತಮ್ಮ ಪ್ರಸಂಗಗಳನ್ನು ಪುಸ್ತಕವಾಗಿ ತಂದಾಗ ದೇಹಪ್ರಕೃತಿಯನ್ನೂ ಒಂದು ಕಾರಣವಾಗಿ ಎಣಿಸಿದರು. ನಿದ್ದೆ, ಹಸಿವು, ಕೆಲಸದ ಮನಸ್ಸು ವಾರಗಟ್ಟಲೆ ಕೆಟ್ಟವರನ್ನು ಉಪವಾಸ ಪ್ರಾರ್ಥನೆಗೆ ಮಾತ್ರ ಕೂರಿಸದೆ ವೈದ್ಯರ ಬಳಿಗೂ ಕರೆದೊಯ್ಯಬೇಕು.

ಇತ್ತೀಚಿನ ಕಾಲದ ದೊಡ್ಡ ಸಾಕ್ಷ್ಯ ಬೇರೆ ಇಬ್ಬರು ತೆರೆಸಾರದು. ಲಿಸ್ಯೂವಿನ ತೆರೆಸಾ 24ನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಪ್ರಾರ್ಥನೆಯಲ್ಲಿ ತೂಕಡಿಸುತ್ತಿದ್ದುದಾಗಿ, ಹೆತ್ತವರಿಗೆ ಮಲಗಿದ ಮಗುವೂ ಅಷ್ಟೇ ಪ್ರೀತಿಯದೆಂದು ಸಮಾಧಾನ ಪಟ್ಟುಕೊಂಡುದಾಗಿ 1898ರಲ್ಲಿ ಬಂದ ಅವರ ಆತ್ಮಕಥೆಯಲ್ಲಿದೆ. ಇನ್ನೊಬ್ಬರು ಕೊಲ್ಕತ್ತಾದ ಮದರ್ ತೆರೆಸಾ. 2007ರಲ್ಲಿ ಅವರ ಪತ್ರಗಳು ಅಚ್ಚಾದಾಗ, ದಶಕಗಳ ಕಾಲ ಅವರೊಳಗೆ ದೇವರ ಸುಳಿವೇ ಇರಲಿಲ್ಲವೆಂಬುದು ಲೋಕಕ್ಕೆ ಗೊತ್ತಾಯಿತು. ಕೆಲವರು ಇದನ್ನು ನಂಬಿಕೆ ಸತ್ತದ್ದಕ್ಕೆ ಪುರಾವೆಯೆಂದರು. ಮದರ್ ತೆರೆಸಾರಿಗೆ ನೆರವಾದದ್ದು 1961ರಲ್ಲಿ ಸಿಕ್ಕ ಯೇಸುಸಭೆಯ ಗುರು ಯೋಸೆಫ್ ನೊಯ್ನರ್ ಅವರ ಮಾತು. ಈ ಕತ್ತಲೆ ನಿಮ್ಮ ತಪ್ಪಿನಿಂದ ಬಂದದ್ದಲ್ಲ, ದೇವರಿಗಾಗಿ ಇಷ್ಟು ಹಂಬಲಿಸುವುದೇ ಅವನು ಇದ್ದಾನೆಂಬುದರ ಗುರುತು ಎಂದು ಅವರು ತಿಳಿಹೇಳಿದರು. ಅದನ್ನು ಸಭೆಯಲ್ಲಿ ಬೋಧಿಸದೆ, ಎದುರು ಕೂತಿದ್ದ ಒಬ್ಬರ ಮಾತನ್ನು ಪೂರ್ತಿ ಕೇಳಿದ ಮೇಲೆ ಹೇಳಿದರು.

ಈ ಸಾಹಿತ್ಯದ ಬಹುಪಾಲು ಮಠಗಳಲ್ಲಿ, ಪಾದ್ರಿಗಳ ಮನೆಗಳಲ್ಲಿ ಹುಟ್ಟಿದ್ದು. ಬೆಳಿಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿ ಗಾರ್ಮೆಂಟ್ಸ್ ಬಸ್ಸು ಹಿಡಿಯುವ ತಾಯಿಗೆ ಪ್ರಾರ್ಥನೆಯ ಹೊತ್ತೆಂದರೆ ಬಸ್ಸಿನ ಆ ಮುಕ್ಕಾಲು ಗಂಟೆ. ರಾತ್ರಿ ಪಾಳಿಯ ದಾದಿಗೆ, ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಬದಲಿಸುವ ಸೊಸೆಗೆ ಗರಿ ಯಾವುದು, ತೆನೆ ಯಾವುದು ಎಂದು ಗುರುತಿಸಿ ಬರೆಯುವ ಕೆಲಸ ಕನ್ನಡದಲ್ಲಿ ಆಗಬೇಕು. ಬರೆಯುವವರು ಮೊದಲು ಅವರ ಮನೆಗೆ ಹೋಗಿ ಕೂತು ಕೇಳಬೇಕು.