ಬಿದ್ದವರಿಗೆ ಮತ್ತೆ ಬಾಗಿಲು ತೆರೆದೀತೇ?



ದೇವರನ್ನು ತೊರೆದವನ ಗತಿ ಏನು? ಕ್ರೈಸ್ತ ಧರ್ಮ ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ತಿಳಿಯಬೇಕಾದರೆ ನೀವು ನನ್ನೊಡನೆ ಕ್ರಿ.ಶ. 3ನೆಯ ಶತಮಾನದ ಕಾರ್ಥೇಜ್ ನಗರಕ್ಕೆ ಬರಬೇಕು. ಅದು ಇಂದಿನ ಟುನೀಸಿಯಾದಲ್ಲಿದೆ.

249ರಲ್ಲಿ ಡೀಸಿಯಸ್ ರೋಮಿನ ಚಕ್ರವರ್ತಿಯಾದ. ಗಡಿಯಲ್ಲಿ ಗಾಥರ ಹಾವಳಿ, ಒಳಗೆ ದಂಗೆಗಳು. ಪೂರ್ವಿಕರ ದೇವತೆಗಳು ಒಲಿದರೆ ಸಾಮ್ರಾಜ್ಯ ಉಳಿದೀತೆಂದು ನಂಬಿದ ಆತ, ಪ್ರಜೆಗಳೆಲ್ಲರೂ ಆ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಅರ್ಪಿಸಿದವರಿಗೆ ಅಧಿಕಾರಿಗಳು ಪ್ರಮಾಣಪತ್ರ ಕೊಡುತ್ತಿದ್ದರು. 250ರ ಬೇಸಿಗೆಯಲ್ಲಿ ಬರೆದ ಇಂತಹ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ.

ಒಪ್ಪದ ಕ್ರೈಸ್ತರಿಗೆ ಸೆರೆ, ಚಿತ್ರಹಿಂಸೆ, ಕೆಲವರಿಗೆ ಮರಣ. ರೋಮಿನ ಬಿಷಪ್ ಫೇಬಿಯನ್ 250ರ ಜನವರಿಯಲ್ಲೇ ಪ್ರಾಣ ತೆತ್ತ. ಆದರೆ ಎಲ್ಲರಿಗೂ ಆ ಧೈರ್ಯ ಇರಲಿಲ್ಲ. ಕಾರ್ಥೇಜಿನಲ್ಲಿ ಬಲಿ ಅರ್ಪಿಸಲು ಜನ ಮುಗಿಬಿದ್ದರೆಂದೂ, ಸಂಜೆಯಾಯಿತೆಂದು ಅಧಿಕಾರಿಗಳೇ ಕೆಲವರನ್ನು ಮರುದಿನಕ್ಕೆ ನಿಲ್ಲಿಸಿದರೆಂದೂ ಅಲ್ಲಿನ ಬಿಷಪ್ ಸಿಪ್ರಿಯನ್ ನೋವಿನಿಂದ ಬರೆದಿದ್ದಾನೆ. ಕೆಲವರು ಬಲಿ ಕೊಟ್ಟರು, ಕೆಲವರು ಧೂಪವನ್ನಷ್ಟೇ ಹಾಕಿದರು, ಇನ್ನು ಕೆಲವರು ಏನನ್ನೂ ಮಾಡದೆ ಹಣ ತೆತ್ತು ಪತ್ರ ಪಡೆದರು. ಇವರೆಲ್ಲರಿಗೂ ಲ್ಯಾಟಿನ್ ಭಾಷೆಯಲ್ಲಿ ‘ಲಾಪ್ಸಿ’, ಅಂದರೆ ‘ಬಿದ್ದವರು’ ಎಂಬ ಹೆಸರಾಯಿತು.

ಅವರಿಗೆ ಒದಗಿದ ಫಲ ಪರಲೋಕದ ಭಯವೊಂದೇ ಅಲ್ಲ. ಪ್ರಭುಭೋಜನದ ಪಂಕ್ತಿಯಿಂದ ಅವರು ಹೊರಗಾದರು. ಬಿರುಗಾಳಿ ತಣ್ಣಗಾದಾಗ ಅನೇಕರು ಅಳುತ್ತಾ ಹಿಂದಿರುಗಿದರು. ಅವರನ್ನು ಸೇರಿಸಿಕೊಳ್ಳಬಹುದೇ? ಜನರ ಮುಂದೆ ತನ್ನನ್ನು ನಿರಾಕರಿಸಿದವನನ್ನು ತಾನೂ ನಿರಾಕರಿಸುವೆನೆಂಬ ಯೇಸುವಿನ ಎಚ್ಚರಿಕೆ ಮತ್ತಾಯನ ಸುವಾರ್ತೆಯಲ್ಲಿದೆ. ಆದರೆ ಮೂರು ಬಾರಿ ಗುರುವನ್ನು ಅರಿಯೆನೆಂದು ಹೇಳಿ ಅತ್ತ ಪೇತ್ರನ ಕಥೆಯೂ ಅದೇ ಗ್ರಂಥದಲ್ಲಿದೆ, ಅಲ್ಲವೇ?

ರೋಮಿನ ನೊವಾಟಿಯನ್ ಎಂಬ ಗುರು, ದೇವರು ಕ್ಷಮಿಸಿದರೂ ಕ್ಷಮಿಸಲಿ, ಸಭೆಗೆ ಆ ಅಧಿಕಾರವಿಲ್ಲ ಎಂದ. ಇನ್ನೊಂದೆಡೆ, ಹಿಂಸೆ ಸಹಿಸಿ ಸೆರೆಯಲ್ಲಿದ್ದ ಕೆಲವರು ಬಿದ್ದವರಿಗೆ ಸುಲಭವಾಗಿ ಶಿಫಾರಸು ಪತ್ರಗಳನ್ನು ಹಂಚಿದರು. ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. ಅವನ ಸ್ಥಿತಿಯೂ ಸುಲಭವಾಗಿರಲಿಲ್ಲ. ಹಿಂಸೆಯ ದಿನಗಳಲ್ಲಿ ತಲೆಮರೆಸಿಕೊಂಡಿದ್ದನೆಂಬ ಆಕ್ಷೇಪ ಅವನ ಮೇಲಿತ್ತು.

251ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಮಧ್ಯಮಾರ್ಗ ಹಿಡಿಯಿತು. ಪತ್ರವನ್ನಷ್ಟೇ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳುವುದು. ಬಲಿ ಕೊಟ್ಟವರಿಗೆ ದೀರ್ಘ ಪ್ರಾಯಶ್ಚಿತ್ತ, ಮರಣಶಯ್ಯೆಯಲ್ಲಿ ಕ್ಷಮೆ. ಒಂದೆರಡು ವರ್ಷಗಳಲ್ಲಿ ಮತ್ತೆ ಹಿಂಸೆಯ ಸೂಚನೆ ಕಂಡಾಗ, ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರಿಗೂ ಬಾಗಿಲು ತೆರೆಯಲಾಯಿತು. ನಿರಾಯುಧರನ್ನು ಯುದ್ಧಕ್ಕೆ ಕಳುಹಿಸುವುದು ಸಲ್ಲದೆಂಬುದು ಅವರ ವಾದ.

258ರ ಸೆಪ್ಟೆಂಬರ್ 14ರಂದು ಸಿಪ್ರಿಯನ್‌ನ ಸರದಿ ಬಂತು. ಈ ಬಾರಿ ಆತ ಅಡಗಲಿಲ್ಲ. ಬಲಿ ಅರ್ಪಿಸಲು ನಿರಾಕರಿಸಿ ಕತ್ತಿಗೆ ಕೊರಳೊಡ್ಡಿದ. 325ರಲ್ಲಿ ನೈಸಿಯಾದ ಮಹಾಸಭೆಯೂ ಬಲವಂತವಿಲ್ಲದೆಯೇ ಬಿದ್ದವರಿಗೆ 12 ವರ್ಷಗಳ ಪ್ರಾಯಶ್ಚಿತ್ತ ವಿಧಿಸಿತೇ ಹೊರತು ಬಾಗಿಲು ಮುಚ್ಚಲಿಲ್ಲ.

ತಪ್ಪನ್ನು ಹಗುರವಾಗಿ ಕಾಣದೆ, ತಪ್ಪಿದವನನ್ನು ಕೈಬಿಡದೆ ಇರುವುದು ಹೇಗೆ? ಕಾರ್ಥೇಜಿನ ಆ ಸಭೆ ಎದುರಿಸಿದ ಪ್ರಶ್ನೆ ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಗೆಳೆತನದಲ್ಲಿ ಇಂದೂ ಎದುರಾಗುತ್ತದೆ. ನೀವಾಗಿದ್ದರೆ ಏನು ತೀರ್ಮಾನಿಸುತ್ತಿದ್ದಿರಿ? ಯೋಚಿಸಿ ನೋಡಿ.