ಎತ್ತಿಗೆ ಐದು ದಿನ, ಹಳೇ ಕಾರಿಗೆ ಎಷ್ಟು ದಿನ?

ಇವತ್ತಿನ ಕಂತು ಸೆಕೆಂಡ್ ಹ್ಯಾಂಡ್ ಕಾರು, ಅದರ ಸರ್ವಿಸು ಮತ್ತು ಅದರ ಬೆನ್ನಿಗೇ ಬರೋ ಜಗಳದ ಬಗ್ಗೆ. ಇತಿಹಾಸದ ಕಾರ್ಯಕ್ರಮದಾಗ ಗ್ಯಾರೇಜಿನ ಮಾತು ಯಾಕೆ ಅಂತ ಕೇಳಬಹುದು. ಈ ಜಗಳ ಕಾರಿಗಿಂತ ಹಳೇದು, ಅದಕ್ಕೆ. ಕಾರು ಹುಟ್ಟೋದಕ್ಕೆ ಏಳೆಂಟು ನೂರು ವರ್ಷ ಮೊದಲೇ ಇದನ್ನು ಕೂತು ಯೋಚಿಸಿದವರು ನಮ್ಮ ಕಡೆಯವರೇ ಇದ್ದರು.

ದನದ ಸಂತೆಯಿಂದ ಶುರು ಮಾಡೋಣ. ನಮ್ಮ ಯಾದಗಿರಿ, ಕಲಬುರಗಿ ಕಡೆ ಸಂತೆ ನೋಡಿದವರಿಗೆ ಗೊತ್ತು. ಎತ್ತಿನ ಬಾಯಿ ತೆರೆಸಿ ಹಲ್ಲು ನೋಡ್ತಾರೆ, ವಯಸ್ಸು ಲೆಕ್ಕ ಹಾಕ್ತಾರೆ. ಸುಳಿ ನೋಡ್ತಾರೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡ್ತಾರೆ. ದಲಾಲ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಾನೆ, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗಲ್ಲ. ಇಷ್ಟೆಲ್ಲ ಮಾಡಿದರೂ ಆ ಎತ್ತು ನೊಗಕ್ಕೆ ಕಟ್ಟಿದ ಕೂಡಲೇ ಕುಸಿದು ಕೂಡ್ತದೋ ಇಲ್ಲೋ ಅನ್ನೋದು ಸಂತೆಯಲ್ಲಿ ತಿಳಿಯಲ್ಲ. ಅದು ತಿಳಿಯೋದು ಹೊಲದಾಗ.

ಈ ಸಮಸ್ಯೆಗೆ ಹಳೇ ಧರ್ಮಶಾಸ್ತ್ರ ಒಂದು ಉತ್ತರ ಕೊಟ್ಟಿತ್ತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷೆ ಮಾಡೋಕೆ ಇಷ್ಟಿಷ್ಟು ದಿನ ಅಂತ ಪಟ್ಟಿ ಇದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ರತ್ನಕ್ಕೆ ಏಳು ದಿನ, ಹಾಲು ಕೊಡೋ ದನಕ್ಕೆ ಮೂರು ದಿನ. ಭಾರ ಎಳೆಯೋ ಪ್ರಾಣಿಗೆ, ಅಂದ್ರೆ 'ವಾಹ್ಯ'ಕ್ಕೆ, ಐದು ದಿನ. ವಾಹನ ಅನ್ನೋ ಮಾತು ಬಂದದ್ದೂ ಅದೇ ಬೇರಿನಿಂದ. ಆ ದಿನಗಳೊಳಗೆ ದೋಷ ಕಂಡರೆ ವಾಪಸ್ ಕೊಡಬಹುದು. ಈ ಸ್ಮೃತಿಗೆ ದೇಶದಲ್ಲೇ ಹೆಸರಾದ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅಂದ್ರೆ ಈಗಿನ ಬಸವಕಲ್ಯಾಣದಲ್ಲಿ ಕೂತು ಬರೆದ 'ಮಿತಾಕ್ಷರ'. ಹಿಂದೂ ಆಸ್ತಿ ಹಂಚಿಕೆಯ ಕೇಸುಗಳಲ್ಲಿ ವಕೀಲರು ಇವತ್ತಿಗೂ ಆ ಹೆಸರು ಎತ್ತುತ್ತಾರೆ. ಕಲಬುರಗಿ ಜಿಲ್ಲೆಯ ಮರತೂರಿನವರು ವಿಜ್ಞಾನೇಶ್ವರ ನಮ್ಮೂರವನು ಅಂತ ಹೆಮ್ಮೆಯಿಂದ ಹೇಳ್ತಾರೆ.

ಹಂಗಂತ ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಹದಿನೈದು ದಿನ ಅಂತಲೂ ಇದೆ. ಮನುಷ್ಯರನ್ನೂ ದನದ ಸಾಲಿಗೇ ಸೇರಿಸಿದ ಪಟ್ಟಿ ಅದು. ಆದರೆ 'ಬಳಸಿ ನೋಡದೆ ದೋಷ ತಿಳಿಯಲ್ಲ, ಅದಕ್ಕೆ ಕೊಂಡವನಿಗೆ ಒಂದಷ್ಟು ದಿನ ಬೇಕು' ಅನ್ನೋ ತಿಳುವಳಿಕೆ ಅದರಲ್ಲಿತ್ತು.

ಇಂಗ್ಲಿಷರ ಕಾನೂನು ತಲೆಕೆಳಗಾಗಿ ಯೋಚಿಸಿತು. ಕೊಳ್ಳುವವನೇ ಎಚ್ಚರ ಇರಬೇಕು, ಆಮೇಲೆ ಬಂದು ಅಳಬಾರದು ಅನ್ನೋದು ಅವರ ಮೂಲ ಸೂತ್ರ. 1930ರ ಸರಕು ಮಾರಾಟ ಕಾಯ್ದೆ ಆ ಸೂತ್ರಕ್ಕೆ ಸ್ವಲ್ಪ ವಿನಾಯಿತಿ ಕೊಟ್ಟಿತು. ಅದರ 16ನೇ ಕಲಮಿನ ಸಾರ ಹೀಗೆ: ಯಾತಕ್ಕೆ ಬೇಕು ಅಂತ ವ್ಯಾಪಾರಿಗೆ ಹೇಳಿ, ಅವನ ತಿಳುವಳಿಕೆ ನಂಬಿ ತಗೊಂಡಿದ್ದರೆ, ಆ ಕೆಲಸಕ್ಕೆ ಬರೋ ಮಾಲನ್ನೇ ಅವನು ಕೊಡಬೇಕು. ಆದರೆ ನೀವೇ ಪರೀಕ್ಷೆ ಮಾಡಿ ತಗೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಅವನನ್ನು ಕೇಳೋ ಹಾಗಿಲ್ಲ. 'ಟ್ರಯಲ್ ನೋಡೇ ತಗೊಂಡ್ರಲ್ಲ ಸಾರ್' ಅಂತ ಡೀಲರ್ ಇವತ್ತು ಹೇಳೋ ಮಾತಿನ ಬೇರು ಇಲ್ಲಿದೆ. ಗುರುಮಠಕಲ್ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1951ರಲ್ಲಿ ಈ ಕಾಯ್ದೆ ನಮ್ಮ ಭಾಗಕ್ಕೂ ಬಂತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ರಾಜ್ಯ ಬದಲಾದರೂ ದೊಡ್ಡ ಪೇಟೆ ಬದಲಾಗಲಿಲ್ಲ. ಬಟ್ಟೆ, ಆಸ್ಪತ್ರೆ, ಗಾಡಿ, ಎಲ್ಲಕ್ಕೂ ಗುರುಮಠಕಲ್‌ನವರು ಇವತ್ತಿಗೂ ಹೈದರಾಬಾದಿಗೇ ಹೋಗೋದು. ಈ ಮಾತು ನೆನಪಿಡಿ, ಮುಂದೆ ಬೇಕಾಗ್ತದೆ.

ಕಾರು ಆ ಕಾಲದಲ್ಲಿ ಸಾಹುಕಾರರ ಸೊತ್ತು. ಅಂಬಾಸಿಡರ್, ಫಿಯಟ್, ಅಷ್ಟೇ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕೈಗೆ ಕೂಡಲೇ ಸಿಗೋದು ಹಳೇ ಗಾಡಿಯೇ ಆಗಿದ್ದರಿಂದ, ಅದಕ್ಕೆ ಹೊಸದಕ್ಕಿಂತ ಹೆಚ್ಚು ರೇಟು ಬಂದ ಕಾಲವೂ ಇತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಬೆಲೆ ಐವತ್ತು ಸಾವಿರದೊಳಗೆ. ಅವೇ ಗಾಡಿಗಳು ಮುಂದೆ ಎರಡನೇ, ಮೂರನೇ ಕೈಗೆ ಬಂದವು. ಆಗೆಲ್ಲ ಮಾರುವವನು ಪರಿಚಯದವನು, ನಡುವೆ ಒಬ್ಬ ಏಜೆಂಟ್, ಜೊತೆಗೆ ನಮ್ಮದೇ ಮೇಸ್ತ್ರಿ. ಬಾನೆಟ್ ಎತ್ತಿ, ಸೈಲೆನ್ಸರಿನ ಹೊಗೆ ನೋಡಿ, 'ತಗೋರಿ' ಅಂದರೆ ಮುಗೀತು. ರಿಪೇರಿ ನಮ್ಮ ತಲೆಮೇಲೆ. ಅದರಲ್ಲಿ ಜಗಳಕ್ಕೆ ಜಾಗವೇ ಇರಲಿಲ್ಲ.

2001ರಲ್ಲಿ ಮಾರುತಿ ಕಂಪನಿಯೇ 'ಟ್ರೂ ವ್ಯಾಲ್ಯೂ' ಹೆಸರಲ್ಲಿ ಹಳೇ ಕಾರು ವ್ಯಾಪಾರಕ್ಕೆ ಇಳೀತು. ಮಿಕ್ಕವರೂ ಬಂದರು. ಆಮೇಲೆ ಗಾಡಿ ಜೊತೆ ಒಂದು ಕಾಗದ ಕೊಡೋದು ರೂಢಿ ಆಯ್ತು: ಇಷ್ಟು ತಿಂಗಳು ವಾರಂಟಿ, ಇಷ್ಟು ಫ್ರೀ ಸರ್ವಿಸ್. ಈಗಿನ ಜಗಳ ಹುಟ್ಟಿದ್ದೇ ಆ ಕಾಗದದಿಂದ, ಯಾಕಂದ್ರೆ ಅಲ್ಲಿಂದ ಮುಂದೆ ಡೀಲರ್ ಬರೀ ಗಾಡಿ ಮಾರಲಿಲ್ಲ, ಭರವಸೆಯನ್ನೂ ಮಾರಿದ.

ಆ ಭರವಸೆಗೆ ಯಾಕಿಷ್ಟು ಬೆಲೆ ಅಂತ ಹೇಳಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. 1970ರಲ್ಲಿ ಹಳೇ ಕಾರಿನ ಮಾರುಕಟ್ಟೆ ಮೇಲೆ ಲೇಖನ ಬರೆದರು. ಅದಕ್ಕೂ ಮೊದಲು ಮೂರು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು. 2001ರಲ್ಲಿ ನೊಬೆಲ್ ಬಂತು. ಅವರ ವಾದ ಸರಳ. ಗಾಡಿಯ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಗೂ ಸಾಧಾರಣ ರೇಟು ಕೇಳ್ತಾನೆ. ಒಳ್ಳೇ ಗಾಡಿ ಇದ್ದವನು ಆ ರೇಟಿಗೆ ಮಾರಲ್ಲ, ಹಿಂದೆ ಸರೀತಾನೆ. ಪೇಟೆಯಲ್ಲಿ ಉಳಿಯೋದು ಡಬ್ಬಾ ಗಾಡಿಗಳು. ವಾರಂಟಿ ಕಾಗದ ಈ ಅಪನಂಬಿಕೆಗೆ ಔಷಧಿ. ಅಕರ್ಲಾಫ್ 1967-68ರಲ್ಲಿ ದೆಹಲಿಯಲ್ಲಿ ಇದ್ದರು. ಅದಕ್ಕೇ ಇರಬೇಕು, ಆ ಲೇಖನದಲ್ಲಿ ನಮ್ಮ ಬಜಾರಿನ ಅಕ್ಕಿಯೂ ಬರ್ತದೆ: ಬೇಕಂತಲೇ ಅಕ್ಕಿ ಬಣ್ಣದ ಕಲ್ಲು ಸೇರಿಸಿ ಮಾರೋದು, ಮನೇಲಿ ಹೆಣ್ಣುಮಕ್ಕಳು ಕೂತು ಆರಿಸೋದು. ಮೊರ ಹಿಡಿದು ಕೂತ ನಮ್ಮ ಅವ್ವನವರು ನೊಬೆಲ್ ಲೇಖನದೊಳಗೆ ಇದ್ದಾರೆ ಅಂತ ಓದಿದಾಗ ನನಗೆ ನಗು ಬಂತು.

ಈಗ ನಮ್ಮ ಕಾಕಾನ ಮಗನ ವಿಷಯ. ಅಣ್ಣ ನಾರಾಯಣಪೇಟೆಯಿಂದ ಸೀರೆ ತಂದು ಗುರುಮಠಕಲ್, ಸೈದಾಪುರ ಕಡೆ ಸಂತೆಗಳಲ್ಲಿ ಮಾರ್ತಾನೆ. ಬೈಕಿನಲ್ಲಿ ಗಂಟು ಕಟ್ಟಿ ಸಾಕಾಗಿ, ಸಾಲ ಮಾಡಿ ಹೈದರಾಬಾದಿನ ಒಬ್ಬ ಡೀಲರ್ ಹತ್ತಿರ ಹಳೇ ಕಾರು ತಗೊಂಡ. ಆರು ತಿಂಗಳು ಎಂಜಿನ್-ಗೇರ್‌ಬಾಕ್ಸ್ ವಾರಂಟಿ, ಮೂರು ಫ್ರೀ ಸರ್ವಿಸ್, ಎಲ್ಲ ಕಾಗದದ ಮೇಲೆ. ಎರಡನೇ ತಿಂಗಳಿಗೇ ಗೇರ್ ಬೀಳೋದು ನಿಂತಿತು. ಸಂತೆ ದಿನ ಬೆಳಿಗ್ಗೆ, ಗಾಡಿ ತುಂಬ ಮಾಲು. ಊರಿನ ಮೆಕ್ಯಾನಿಕ್ ತಾತ್ಕಾಲಿಕವಾಗಿ ಸರಿ ಮಾಡಿಕೊಟ್ಟ. ಹೈದರಾಬಾದಿಗೆ ಫೋನ್ ಮಾಡಿದರೆ ಡೀಲರ್ ಏನಂದ ಅಂತೀರಿ? 'ಭಾಯ್, ಹೊರಗಿನವರು ಕೈ ಹಾಕ್ಯಾರ, ವಾರಂಟಿ ಕಟ್ ಆತು.' ಗಾಡಿ ಒಯ್ದು ತೋರಿಸಿದ ಮೇಲೆ ಹನ್ನೊಂದು ದಿನ ಇಟ್ಟುಕೊಂಡು, ಆಯಿಲ್ ಬದಲಿಸಿ ಬಿಲ್ ಕೊಟ್ಟ. ಗೇರ್‌ಬಾಕ್ಸ್ ಹಂಗೇ ಇತ್ತು. 'ಇದು ಸವಕಳಿ, ವಾರಂಟಿಯೊಳಗ ಬರಲ್ಲ' ಅಂದ. ಮೂರನೇ ಸಲ ಅಣ್ಣ ಕಂತು ಕಟ್ಟೋಕೆ ಅತ್ತಿಗೆಯ ಬೋರಮಾಳ ಅಡ ಇಟ್ಟಿದ್ದ.

ಡೀಲರ್ ಹೇಳಿದ ಒಂದೊಂದು ಮಾತಿಗೂ ಒಂದೊಂದು ಇತಿಹಾಸ ಇದೆ.

'ಹೊರಗಿನವರು ಕೈ ಹಾಕ್ಯಾರ' ಅನ್ನೋದನ್ನೇ ತಗೋರಿ. ಕಾರು ಕಂಪನಿಗಳು ಬಿಡಿಭಾಗಗಳನ್ನು ತಮ್ಮ ಅಧಿಕೃತ ಸರ್ವಿಸ್ ಸೆಂಟರಿಗೆ ಮಾತ್ರ ಕೊಟ್ಟು, ಊರಿನ ಮೆಕ್ಯಾನಿಕ್‌ಗಳನ್ನು ಹೊರಗಿಡ್ತಾರೆ ಅಂತ ಭಾರತದ ಸ್ಪರ್ಧಾ ಆಯೋಗದ ಮುಂದೆ ದೂರು ಹೋಗಿತ್ತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಸೇರಿಸಿ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬೇರೆ ಮೆಕ್ಯಾನಿಕ್ ಹತ್ತಿರ ಹೋದ ಒಂದೇ ಕಾರಣಕ್ಕೆ ಪೂರಾ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ಅದು ಬೇರೆ ಕಥೆ. ಆ ಆದೇಶ ಇದ್ದದ್ದು ಕಂಪನಿಗಳ ಮೇಲೆ, ಸಣ್ಣ ಡೀಲರ್ ಮೇಲಲ್ಲ. ಆದರೂ ಮೆಕ್ಯಾನಿಕ್ ಮುಟ್ಟಿದ್ದರಿಂದಲೇ ಗೇರ್‌ಬಾಕ್ಸ್ ಕೆಟ್ಟಿತು ಅಂತ ತೋರಿಸದೆ, ಮುಟ್ಟಿದ ಅಂತ ಮಾತ್ರ ಹೇಳಿದರೆ ಸಾಲದು ಅನ್ನೋ ವಾದಕ್ಕೆ ಅದು ಬಲ.

'ಸವಕಳಿ' ಅನ್ನೋದು ಕಷ್ಟದ ಪ್ರಶ್ನೆ. ಹಳೇ ಗಾಡಿ ಸವೆದೇ ಇರ್ತದೆ. 2006ರಲ್ಲಿ ಮಾರುತಿ ಕಾರಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸೋದು ಅಂತ ಬರೆದಿದ್ದರೆ ಅಷ್ಟೇ, ಇಡೀ ಕಾರು ಬದಲಿಸು ಅನ್ನೋಕೆ ಬರಲ್ಲ ಅಂತ ಹೇಳಿತು. ಅದು ಹೊಸ ಕಾರಿನ ವಿಷಯ. ಹಳೇ ಕಾರಿಗಂತೂ 'ಹೊಸದು ಕೊಡ್ರಿ' ಅಂತ ಕೂರೋದರಲ್ಲಿ ಅರ್ಥ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಾಗದದಲ್ಲಿ ಗೇರ್‌ಬಾಕ್ಸ್ ಅಂತ ಬರೆದಿದೆಯೋ ಇಲ್ಲೋ, ಅದನ್ನೇ ಹಿಡೀಬೇಕು. ಮತ್ತೆ ಬೇರೊಬ್ಬ ತಿಳಿದ ಮೆಕ್ಯಾನಿಕ್ ಕೈಯಲ್ಲಿ ದೋಷ ಏನು ಅಂತ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಬೇಕು. ದೋಷ ಇದೆ ಅಂತ ತೋರಿಸೋ ಹೊಣೆ ದೂರು ಕೊಟ್ಟವರದು. ಎಷ್ಟೋ ಕೇಸು ಬೀಳೋದು ಇಲ್ಲೇ.

ಕಂಪನಿಯ ಹೆಸರು ಬೋರ್ಡಿನ ಮೇಲಿದೆ, ಕಂಪನಿಯನ್ನೇ ಹಿಡಿಯೋಣ ಅಂತ ಅಣ್ಣ ಹೇಳಿದ. ಹಂಗೆ ಆಗಲ್ಲ. ಗೋವಾದಲ್ಲಿ ಒಬ್ಬ ಗ್ರಾಹಕರಿಗೆ ಡೀಲರ್ 2009ರಲ್ಲಿ ತಯಾರಾಗಿ 622 ಕಿಲೋಮೀಟರ್ ಓಡಿದ್ದ ಗಾಡಿಯನ್ನು 2011ರಲ್ಲಿ ಹೊಸದು ಅಂತ ಕೊಟ್ಟಿದ್ದ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಟಾಟಾ ಮೋಟಾರ್ಸ್‌ಗೆ ಇದು ಗೊತ್ತಿತ್ತು ಅಂತ ಸಾಬೀತಾಗಿಲ್ಲ, ಹೊಣೆ ಡೀಲರಿನದು ಅಂದಿತು. ಬಿಲ್ ಕೊಟ್ಟವನು ಯಾರು ಅಂತ ಮೊದಲು ನೋಡ್ರಿ.

ಆಮೇಲೆ ಆರ್‌ಸಿ. ಅಣ್ಣನ ಗಾಡಿ ಹಳೇ ಮಾಲೀಕನ ಹೆಸರಲ್ಲೇ ಇತ್ತು. ತೆಲಂಗಾಣದ ನಂಬರು, ಕೆಎ-33 ಆಗಬೇಕಾದರೆ ಅಲ್ಲಿಂದ ಎನ್‌ಒಸಿ ಬರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಡೀಲರ್ 'ಆಗ್ತದ, ಆಗ್ತದ' ಅಂತ ತಿಂಗಳು ತಳ್ಳಿದ. ಇದರಲ್ಲಿ ಅಪಾಯ ಮಾರಿದವನಿಗೂ ಇದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತವಾದರೆ ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ ಅಂತ ಹೇಳಿದೆ. ಈ ಗೊಂದಲ ತಪ್ಪಿಸೋಕೆ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮ ತಂದು 2023ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಹಳೇ ಗಾಡಿ ಡೀಲರ್ ಆರ್‌ಟಿಒ ಅನುಮತಿ ಪಡೀಬೇಕು. ಮಾಲೀಕ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿಯಲ್ಲಿ ತಿಳಿಸಬೇಕು, ಅಲ್ಲಿಂದ ಡೀಲರನ್ನೇ ಮಾಲೀಕ ಅಂತ ಎಣಿಸ್ತಾರೆ. ಹಳೇ ಕಾರಿನ ಅಂಗಡಿಗೆ ಹೋದಾಗ ಟಚ್‌ಸ್ಕ್ರೀನ್ ನೋಡೋದಕ್ಕಿಂತ ಮೊದಲು ಆ ಅನುಮತಿ ಪತ್ರ ಕೇಳ್ರಿ.

ಇನ್ನು ಎಲ್ಲಿ ದೂರು ಕೊಡೋದು? ನಾನು ಹೈದರಾಬಾದ್ ನೆನಪಿಡಿ ಅಂದದ್ದು ಇದಕ್ಕೇ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಡವನಿಗೂ ಕೋರ್ಟು ತೋರಿಸಿತು, ಖರೆ. ಆದರೆ ಡೀಲರ್ ಇರೋ ಊರಲ್ಲಿ, ಇಲ್ಲಾ ವ್ಯವಹಾರ ನಡೆದ ಊರಲ್ಲಿ ದೂರು ಕೊಡಬೇಕಿತ್ತು. ಗುರುಮಠಕಲ್‌ನವ ಪ್ರತಿ ತಾರೀಖಿಗೆ ಹೈದರಾಬಾದಿಗೆ ಬಸ್ಸು ಹತ್ತಬೇಕು, ಆ ದಿನದ ಸಂತೆ ಬಿಡಬೇಕು. ಅರ್ಧ ಜನ ಅಲ್ಲಿಗೇ ಕೈ ಬಿಡೋರು, ಡೀಲರಿಗೂ ಅದು ಗೊತ್ತಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆ, ದೂರುದಾರ ತಾನು ವಾಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ ಮಾಡಿತು. ಇಡೀ ಕಾಯ್ದೆಯಲ್ಲಿ ಗಡಿ ಊರಿನವರಿಗೆ ಇದರಷ್ಟು ದೊಡ್ಡ ಸಾಲು ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಫೋನಿನಲ್ಲೇ ದೂರು ಹಾಕಬಹುದು, 1915ಕ್ಕೆ ಕರೆ ಮಾಡಬಹುದು. ಆದರೆ ಎರಡು ವರ್ಷದೊಳಗೆ.

ಡೀಲರಿಗೆ ನೋಟಿಸು ಹೋದ ಮೇಲೆ ಬಂದ ಉತ್ತರ ಇನ್ನೂ ಚಂದ ಇತ್ತು: ಇವರು ಸೀರೆ ವ್ಯಾಪಾರಿ, ಕಾರು ವ್ಯಾಪಾರಕ್ಕೆ ಬಳಸ್ತಾರೆ, ಇವರು ಗ್ರಾಹಕರೇ ಅಲ್ಲ! ಈ ವಾದಕ್ಕೂ ಉತ್ತರ ಹಳೇದೇ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಹೊಟ್ಟೆಪಾಡಿಗೆ ತಾನೇ ಓಡಿಸೋಕೆ ಆಟೊರಿಕ್ಷಾ ಕೊಂಡವನು ಗ್ರಾಹಕನೇ ಅಂತ ಉದಾಹರಣೆ ಕೊಟ್ಟು ಬಿಡಿಸಿ ಹೇಳಿತ್ತು. ಸ್ವಂತ ದುಡಿಮೆ, ಜೀವನೋಪಾಯ, ಇವೆರಡು ಮಾತು ದೂರಿನಲ್ಲಿ ಸ್ಪಷ್ಟವಾಗಿ ಬರೀಬೇಕು. ಅಣ್ಣನ ದೂರಿನಲ್ಲಿ ಆ ಸಾಲು ಮೊದಲನೇ ಪುಟದಲ್ಲೇ ಇದೆ. ಜೊತೆಗೆ ವಾರಂಟಿ ಕಾಗದ, ಮೂರು ಸಲದ ಜಾಬ್ ಕಾರ್ಡು, ಮೆಕ್ಯಾನಿಕ್ ಬರೆದುಕೊಟ್ಟ ವರದಿ, ಡೀಲರ್ ಕಳಿಸಿದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜು.

ಕೇಸು ನಡೀತಾ ಇದೆ. ಡೀಲರ್ ಕಡೆಯಿಂದ ಅರ್ಧ ಖರ್ಚು ಕೊಡ್ತೀವಿ ಅಂತ ಮಾತು ಬಂದಿದೆ, ಅಣ್ಣ ಇನ್ನೂ ಒಪ್ಪಿಲ್ಲ. ಅತ್ತಿಗೆ ಮಾತ್ರ 'ಪೂರಾ ತಗೋ, ಬೋರಮಾಳ ಬಿಡಿಸಬೇಕು' ಅಂತ ಕೂತಾಳ.